ಒಂದೇ ರೂಪ, ಬೇರೆ ಗುಣ



ಹರಿಹರದ ಹರಿಹರೇಶ್ವರನನ್ನು ನೋಡಿದ್ದೀರಲ್ಲ? ಹೊಯ್ಸಳರ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಗುಡಿ ಅದು. ಮೂರ್ತಿ ಒಂದೇ, ಬಲಭಾಗ ಹರ, ಎಡಭಾಗ ಹರಿ. ಯಾವುದು ಯಾರೆಂದು ತಿಳಿಯಬೇಕಾದರೆ ಗುರುತುಗಳನ್ನು ಹುಡುಕಬೇಕು.

ಅದೇ ಊರಿನ ತುಂಗಭದ್ರೆಯ ನೀರು ದಾವಣಗೆರೆಯ ಎಷ್ಟೋ ಮನೆಗಳ ನಲ್ಲಿಗೆ ಬರುತ್ತದೆ. ಯಾವ ಹೊಳೆಯ ನೀರಿನಲ್ಲೂ ಬ್ಯಾಕ್ಟೀರಿಯಾ ಇದ್ದೇ ಇರುತ್ತವೆ. ಇ. ಕೋಲೈ ಎಂಬುದು ಮನುಷ್ಯರ, ದನಕರುಗಳ ಕರುಳಿನಲ್ಲಿ ವಾಸಿಸುವಂಥದು. ಅದು ನೀರಿನಲ್ಲಿ ಸಿಕ್ಕಿತೆಂದರೆ ಮಲ ಬೆರೆತಿದೆ ಎಂದೇ ಅರ್ಥ. ಅದಕ್ಕೇ ನಮ್ಮ ದೇಶದ ನಿಯಮದಲ್ಲಿ 100 ಮಿಲಿಲೀಟರ್ ಕುಡಿಯುವ ನೀರಿನಲ್ಲಿ ಒಂದೂ ಇ. ಕೋಲೈ ಕಾಣಬಾರದು. ಆದರೆ ಅದರ ದಾಯಾದಿ ಕ್ಲೆಬ್ಸಿಯೆಲ್ಲಾ ಮಣ್ಣಿನಲ್ಲಿ, ಗಿಡಗಳ ಮೇಲೂ ಇರುತ್ತದೆ. ಸೂಕ್ಷ್ಮದರ್ಶಕದಲ್ಲಿ ಎರಡೂ ಗುಲಾಬಿ ಕಡ್ಡಿಗಳು. ಎರಡೂ ಹಾಲಿನ ಸಕ್ಕರೆಯನ್ನು ಹುಳಿ ಮಾಡುತ್ತವೆ. ಹಾಗಾದರೆ ಬೇರೆ ಮಾಡುವುದು ಹೇಗೆ?

ಊಟ ಬಡಿಸಿ ನೋಡುವುದು! ಪ್ರಯೋಗಶಾಲೆಯವರು ಟ್ರಿಪ್ಟೊಫೇನ್ ಎಂಬ ಪೋಷಕಾಂಶವಿರುವ ಸಾರಿನಲ್ಲಿ ಅವನ್ನು ಬೆಳೆಸಿ, ಮಾರನೆಯ ದಿನ ಒಂದು ದ್ರಾವಣದ ಕೆಲವು ಹನಿ ಹಾಕುತ್ತಾರೆ. ಇ. ಕೋಲೈ ಇದ್ದರೆ ಮೇಲೆ ಕೆಂಪು ಉಂಗುರ ಮೂಡುತ್ತದೆ. ಕ್ಲೆಬ್ಸಿಯೆಲ್ಲಾ ನ್ಯುಮೋನಿಯೆ ಆದರೆ ಸಾಮಾನ್ಯವಾಗಿ ಮೂಡುವುದಿಲ್ಲ. ಇನ್ನೊಂದು ಹಸಿರು ಶೀಷೆಯಲ್ಲಿ ಸಿಟ್ರೇಟ್ ಮಾತ್ರವೇ ಊಟ. ಕ್ಲೆಬ್ಸಿಯೆಲ್ಲಾ ಅದನ್ನೇ ಉಂಡು ಬೆಳೆದು ಹಸಿರನ್ನು ನೀಲಿ ಮಾಡುತ್ತದೆ, ಇ. ಕೋಲೈ ಉಪವಾಸ. ಇವೇ ಜೀವರಾಸಾಯನಿಕ ಪರೀಕ್ಷೆಗಳು.

ಇನ್ನೂ ಕಠಿಣವಾದ ಜೋಡಿಯಿದೆ. 1897ರಲ್ಲಿ ಜಪಾನಿನ ಕಿಯೋಶಿ ಶಿಗಾ ರಕ್ತಭೇದಿಯ ಬ್ಯಾಕ್ಟೀರಿಯಾ ಕಂಡುಹಿಡಿದರು. ಅದಕ್ಕೆ ಶಿಗೆಲ್ಲಾ ಎಂದು ಅವರದೇ ಹೆಸರು. ಡಿಎನ್‌ಎ ಓದಿ ನೋಡಿದರೆ ಶಿಗೆಲ್ಲಾ, ಇ. ಕೋಲೈ ಮನೆತನದ್ದೇ ಒಂದು ಕವಲು! ಆದರೆ ಗುಣ ಬೇರೆ. ಕರುಳಿನ ಹೆಚ್ಚಿನ ಇ. ಕೋಲೈ ಸಾಧು. ಶಿಗೆಲ್ಲಾ ಹಾಗಲ್ಲ, ಹತ್ತಾರು ಜೀವಿಗಳು ಹೊಟ್ಟೆ ಸೇರಿದರೂ ಮಗು ಮಲಗಬಹುದು. ಶಿಗೆಲ್ಲಾದಲ್ಲಿ ಇಪಾ-ಹೆಚ್ ಎಂಬ ವಂಶವಾಹಿ ಇದೆ. ಸಾಧು ಇ. ಕೋಲೈನಲ್ಲಿ ಅದಿಲ್ಲ. ಪಿಸಿಆರ್ ಯಂತ್ರ ಆ ತುಣುಕನ್ನು ಹುಡುಕಿ, ಪ್ರತಿ ಸುತ್ತಿಗೂ ಎರಡರಷ್ಟು ಮಾಡುತ್ತದೆ. ಒಂದು ಎರಡಾಗಿ, ಎರಡು ನಾಲ್ಕಾಗಿ, 30 ಸುತ್ತಿಗೆ 100 ಕೋಟಿ ದಾಟುತ್ತದೆ. ಲೆಕ್ಕ ಹಾಕಿ ನೋಡಿ!

ಅಜ್ಜಿಯರೇ, ಇಷ್ಟೆಲ್ಲ ಹೇಳಿದ್ದು ಒಂದು ಮಾತಿಗಾಗಿ. ನೀರು ತಿಳಿಯಾಗಿದೆ ಎಂದ ಮಾತ್ರಕ್ಕೆ ಶುದ್ಧ ಎಂದಲ್ಲ. ಸಂಶಯವಿದ್ದರೆ ನೀರು ಕೊತಕೊತ ಕುದಿದ ಮೇಲೆ ಇನ್ನೊಂದು ನಿಮಿಷ ಬಿಟ್ಟು ಇಳಿಸಿ. ಮೊಮ್ಮಕ್ಕಳ ಭೇದಿಯಲ್ಲಿ ರಕ್ತ ಕಂಡರೆ ಮನೆಮದ್ದಿಗೆ ಕಾಯದೆ ಡಾಕ್ಟರ ಬಳಿ ಕರೆದೊಯ್ಯಿರಿ.

ಮಕ್ಕಳೇ, ಈ ವಾರದ ಕೆಲಸ: ಅಡುಗೆ ಸೋಡಾ, ಅಕ್ಕಿಹಿಟ್ಟು ಒಂದೊಂದು ಚಮಚ ಬೇರೆ ಬೇರೆ ತಟ್ಟೆಗೆ ಹಾಕಿ. ಎರಡೂ ಬಿಳಿ. ಬಾಯಿಗಿಡದೆ ಯಾವುದು ಯಾವುದೆಂದು ಹೇಳಲು ಅಜ್ಜನನ್ನು ಕೇಳಿ. ಆಮೇಲೆ ಎರಡಕ್ಕೂ ನಿಂಬೆರಸ ಹಿಂಡಿ. ಬುಸ್ಸೆಂದು ನೊರೆ ಬಂದದ್ದು ಯಾವುದು?