ರಿಪೇರಿಯೂ ಎಂಜಿನಿಯರಿಂಗೇ

ಅಮೆರಿಕದ ಡ್ಯೂಸನ್‌ಬರ್ಗ್ ಕಂಪನಿಯ ‘ಮಾಡೆಲ್ ಜೆ’ ಕಾರು ಮೊದಲು ಜನರ ಮುಂದೆ ಬಂದದ್ದು 1928ರ ಡಿಸೆಂಬರ್‌ನಲ್ಲಿ, ನ್ಯೂಯಾರ್ಕ್‌ನ ಪ್ರದರ್ಶನವೊಂದರಲ್ಲಿ. ಬರೀ ಎಂಜಿನ್ ಮತ್ತು ಚಾಸಿಗೇ 8,500 ಡಾಲರ್. ಬಾಡಿಯನ್ನು ಬೇರೆ ಕಡೆ, ಬೇರೆ ದುಡ್ಡು ಕೊಟ್ಟು ಕಟ್ಟಿಸಿಕೊಳ್ಳಬೇಕಿತ್ತು. ಅದೇ ಕಾಲದಲ್ಲಿ ಫೋರ್ಡ್‌ನ ಸಾಮಾನ್ಯ ಕಾರು ಸುಮಾರು 500 ಡಾಲರಿಗೆ ಸಿಗುತ್ತಿತ್ತು. ಮರುವರ್ಷವೇ ಅಲ್ಲಿನ ಷೇರುಪೇಟೆ ಕುಸಿಯಿತು. 1937ರಲ್ಲಿ ಕಂಪನಿ ಬಾಗಿಲು ಹಾಕುವ ಹೊತ್ತಿಗೆ ತಯಾರಾಗಿದ್ದ ಮಾಡೆಲ್ ಜೆಗಳ ಸಂಖ್ಯೆ 500ನ್ನೂ ದಾಟಿರಲಿಲ್ಲ.

ಆದರೆ ಅವುಗಳಲ್ಲಿ ಬಹಳಷ್ಟು ಇಂದಿಗೂ ಉಳಿದಿವೆ. ಕ್ಯಾಲಿಫೋರ್ನಿಯಾದ ಮರ್ಫಿ ಕಂಪನಿ ಬಾಡಿ ಕಟ್ಟಿದ ಕನ್ವರ್ಟಿಬಲ್ ಒಂದನ್ನು ಯೂಟ್ಯೂಬ್‌ನಲ್ಲಿ ಹುಡುಕಿ ನೋಡಿ. ಬಟ್ಟೆಯ ಟಾಪ್ ಮಡಚಿಕೊಂಡು ಹಿಂದಿನ ಲೋಹದ ಮುಚ್ಚಳದಡಿ ಪೂರ್ತಿ ಮಾಯವಾಗುತ್ತದೆ. ಬಾನೆಟ್ ಎತ್ತಿದರೆ ಒಂದೇ ಸಾಲಿನಲ್ಲಿ ಎಂಟು ಸಿಲಿಂಡರ್, ಮೇಲೆ ಎರಡು ಕ್ಯಾಮ್‌ಶಾಫ್ಟ್, ಸಿಲಿಂಡರಿಗೆ ನಾಲ್ಕು ವಾಲ್ವ್. ಕಂಪನಿ ಹೇಳಿಕೊಂಡಿದ್ದ ಶಕ್ತಿ 265 ಅಶ್ವಶಕ್ತಿ. ಆಯಿಲ್ ಬದಲಿಸಿ, ಬ್ಯಾಟರಿ ನೋಡಿ ಎಂದು ನೆನಪಿಸುವ ದೀಪಗಳೂ ಡ್ಯಾಶ್‌ಬೋರ್ಡಿನಲ್ಲಿದ್ದವು. ಹೆಚ್ಚುಕಡಿಮೆ ನೂರು ವರ್ಷದ ಹಿಂದೆ!

ಇಂಥ ಕಾರು ಕಂಡರೆ ಎಲ್ಲರೂ ಕೇಳುವುದು ಎರಡೇ ಪ್ರಶ್ನೆ: ಬೆಲೆ ಎಷ್ಟು? ಯಾರದ್ದು? ನನಗೆ ಮಾತ್ರ ಮೂರನೆಯದೊಂದು ಕಾಡುತ್ತದೆ. ಇದನ್ನು ಮತ್ತೆ ಓಡುವಂತೆ ಮಾಡಿದವರು ಯಾರು?

ಆ ಕೆಲಸ ಎಂಥದ್ದು ಎಂದು ಸ್ವಲ್ಪ ಯೋಚಿಸಿ. ಆ ಕಾಲದ ಇಂಥ ಬಾಡಿಗಳ ತಗಡಿನ ಒಳಗೆ ಇರುವುದು ಮರದ ಚೌಕಟ್ಟು. ಅದು ಕೊಳೆತರೆ ಬಾಗಿಲೇ ಸರಿಯಾಗಿ ಕೂರುವುದಿಲ್ಲ. ಉಳಿದ ತುಂಡುಗಳನ್ನೇ ಅಳತೆಗೆ ಇಟ್ಟುಕೊಂಡು ಹೊಸದನ್ನು ಕೆತ್ತಬೇಕು. ಬಿಡಿಭಾಗ ಅಂಗಡಿಯಲ್ಲಿ ಸಿಗದು. ಡ್ರಾಯಿಂಗ್ ಕೂಡ ಇಲ್ಲದಿದ್ದರೆ ಸವೆದ ಭಾಗವನ್ನು ಅಳೆದು, ಎಷ್ಟು ಸವೆದಿದೆ ಎಂದು ಅಂದಾಜಿಸಿ ಮೂಲ ಅಳತೆಗೆ ಬರಬೇಕು. ಯಾವ ಲೋಹ, ಎಷ್ಟು ಗಡಸು ಎಂದು ತಿಳಿಯಬೇಕು. ಯಾವುದನ್ನು ಮುಟ್ಟಬಾರದು ಎಂಬುದೂ ಗೊತ್ತಿರಬೇಕು. ಕ್ಯಾಲಿಫೋರ್ನಿಯಾದ ಹೆಸರಾಂತ ಪೆಬಲ್ ಬೀಚ್ ಸ್ಪರ್ಧೆಯಲ್ಲಿ ಹಳೆಯ ಬಣ್ಣ, ಹಳೆಯ ಸೀಟಿನೊಂದಿಗೆ ಹಾಗೆಯೇ ಉಳಿದ ಕಾರುಗಳಿಗೆ ಪ್ರತ್ಯೇಕ ವಿಭಾಗವೇ ಇದೆ. ಮೆಟಲರ್ಜಿ, ಮೆಟ್ರಾಲಜಿ, ಮಷಿನ್ ಡಿಸೈನ್ ಎಂದು ನಾವು ಬೇರೆ ಬೇರೆ ಸೆಮಿಸ್ಟರ್‌ನಲ್ಲಿ ಓದಿ ಮರೆಯುವುದೆಲ್ಲ ಇಲ್ಲಿ ಒಂದೇ ಟೇಬಲ್ಲಿನ ಮೇಲೆ ಬರುತ್ತದೆ.

ನನ್ನ ಅಪ್ಪ ಗ್ಯಾರೇಜ್ ನಡೆಸುತ್ತಾರೆ. ಹಳೆಯ ಜೀಪಿನ ಬುಷ್ ಸಿಗದಿದ್ದರೆ ಸವೆದದ್ದನ್ನೇ ಹಿಡಿದು ಲೇತ್ ಅಂಗಡಿಗೆ ಹೋಗಿ ಹೊಸದು ಮಾಡಿಸಿ ತರುತ್ತಾರೆ. ಎಂಜಿನ್ ಸದ್ದು ಕೇಳಿಯೇ ಎಲ್ಲಿ ತೊಂದರೆ ಎಂದು ಹೇಳುತ್ತಾರೆ. ಆದರೂ ನನಗೆ ಹೇಳುವುದು ಒಂದೇ ಮಾತು: ‘ನೀನು ಈ ಗ್ರೀಸ್ ಮುಟ್ಟಬೇಡ ಮಗಾ, ಎಂಜಿನಿಯರ್ ಆಗು.’ ತಾವು ಮಾಡುತ್ತಿರುವುದು ಎಂಜಿನಿಯರಿಂಗ್ ಅಲ್ಲ ಎಂದು ಅವರನ್ನು ನಂಬಿಸಿದವರು ಯಾರು? ಹೊಸದನ್ನು ಮಾಡುವವನು ಎಂಜಿನಿಯರ್, ಕೆಟ್ಟದ್ದನ್ನು ಸರಿ ಮಾಡುವವನು ಬರೀ ಮೆಕ್ಯಾನಿಕ್ ಎಂದು ಗೆರೆ ಎಳೆದ ನಾವೇ ಅಲ್ಲವೇ?

ಈ ಗೆರೆಯನ್ನು ಅಳಿಸಿದವರೂ ಇದ್ದಾರೆ. ಅಮೆರಿಕದ ಕಾನ್ಸಾಸ್ ರಾಜ್ಯದ ಮ್ಯಾಕ್‌ಫರ್ಸನ್ ಕಾಲೇಜಿನಲ್ಲಿ ಹಳೆಯ ಕಾರುಗಳ ಪುನರುಜ್ಜೀವನಕ್ಕೇ ನಾಲ್ಕು ವರ್ಷದ ಪದವಿ ಇದೆ. ಅಲ್ಲಿನ ವಿದ್ಯಾರ್ಥಿಗಳು ಸಿದ್ಧಪಡಿಸಿದ 1953ರ ಮರ್ಸಿಡಿಸ್ ಕನ್ವರ್ಟಿಬಲ್ 2023ರಲ್ಲಿ ಪೆಬಲ್ ಬೀಚ್‌ನಲ್ಲಿ ತನ್ನ ವಿಭಾಗದ ಎರಡನೇ ಸ್ಥಾನ ಗೆದ್ದಿತು. ಎದುರಿಗಿದ್ದದ್ದು ಹಣಕ್ಕೆ ಕೊರತೆಯಿಲ್ಲದ ಸಂಗ್ರಾಹಕರು.

‘ಪೆಟ್ರೋಲ್ ಕುಡಿಯುವ ಶ್ರೀಮಂತರ ಆಟಿಕೆಗೆ ಇಷ್ಟೊಂದು ಹೊಗಳಿಕೆಯೇ?’ ಎಂದು ಗೆಳೆಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಜನ ಕೆಲಸ ಕಳೆದುಕೊಂಡು ಬೀದಿಗೆ ಬಿದ್ದ ಕಾಲದಲ್ಲೂ ಮಾರಾಟವಾಗುತ್ತಿದ್ದ ಕಾರು ಅದು. ಅದರ ಮಾಲೀಕರ ಸಿರಿತನವನ್ನು ನಾನು ಕೊಂಡಾಡುತ್ತಿಲ್ಲ. ಬಿಚ್ಚಬಹುದಾದಂತೆ ಕಟ್ಟಿದ ಕೈಗಳನ್ನು, ಬಿಚ್ಚಿ ಮತ್ತೆ ಜೋಡಿಸಿದ ಕೈಗಳನ್ನು ಮೆಚ್ಚುತ್ತಿದ್ದೇನೆ. ಆ ಕೌಶಲ ಕಾರಿಗಷ್ಟೇ ಮೀಸಲಲ್ಲ. ಪಂಪ್‌ಸೆಟ್ಟಿಗೂ ಬೇಕು, ಆಸ್ಪತ್ರೆಯ ಯಂತ್ರಕ್ಕೂ ಬೇಕು, ನಾಳೆ ಗುಜರಿಗೆ ಬೀಳಲಿರುವ ಎಲೆಕ್ಟ್ರಿಕ್ ಸ್ಕೂಟರಿಗೂ ಬೇಕು.

ನಮ್ಮಲ್ಲೂ 2021ರಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ, ಮೂಲರೂಪ ಕಳೆದುಕೊಳ್ಳದ ವಾಹನಗಳಿಗೆ ‘ವಿಎ’ ಅಕ್ಷರಗಳ ಪ್ರತ್ಯೇಕ ನಂಬರ್ ಪ್ಲೇಟ್ ತಂದಿತು. ಪ್ಲೇಟ್ ಬಂತು, ಪಾಠ ಎಲ್ಲಿದೆ? ಬಿ.ಇ.ಯಲ್ಲಿ ರಿಪೇರಿಗೆಂದೇ ಒಂದು ವಿಷಯವಿರಲಿ. ನಿಂತುಹೋದ ಒಂದು ಹಳೆಯ ಎಂಜಿನ್ನನ್ನು ಲ್ಯಾಬಿಗೆ ತಂದು ನಮ್ಮ ಕೈಗೆ ಕೊಡಿ. ಅದು ಸ್ಟಾರ್ಟ್ ಆದರೆ ಮಾತ್ರ ಮಾರ್ಕ್ಸ್ ಕೊಡಿ. ಕಲಿಸಲು ಊರಿನ ಒಬ್ಬ ಹಿರಿಯ ಮೆಕ್ಯಾನಿಕ್ಕನ್ನು ಗೌರವಧನ ಕೊಟ್ಟು ಕರೆಸಿ, ‘ಸರ್’ ಎಂದೇ ಕರೆಯೋಣ.