ಪಡಸಾಲೆಯ ಮಾತು: ಬೆಂಕಿಯಿಲ್ಲದ ಹೊಗೆ

ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ ಎಂಬ ಗಾದೆಯನ್ನು ನಮ್ಮ ಹಿರಿಯರು ಬಲು ಭರವಸೆಯಿಂದ ಆಡುತ್ತಿದ್ದರು. ಈಗ ಆ ಗಾದೆಗೂ ಗ್ರಹಚಾರ ಬಂದಿದೆ. ಕಡ್ಡಿ ಗೀರಬೇಕಾಗಿಲ್ಲ, ಬೂದಿ ಕೊಡವಬೇಕಾಗಿಲ್ಲ, ಉಳಿದ ತುಂಡನ್ನು ಕಿಟಕಿಯಿಂದಾಚೆ ಎಸೆಯಬೇಕಾಗಿಲ್ಲ. ಆದರೂ ಬಾಯಿಂದ ಬಿಳಿಯ ಮೋಡ ಏಳುತ್ತದೆ. ಆ ಮೋಡಕ್ಕೆ ಮಾವಿನ ಹಣ್ಣಿನ ವಾಸನೆಯೋ ಪುದೀನದ ವಾಸನೆಯೋ ಬೇರೆ. ಕಾಯಿದೆಯ ಭಾಷೆಯಲ್ಲಿ ಇದರ ಹೆಸರು ಎಲೆಕ್ಟ್ರಾನಿಕ್ ಸಿಗರೇಟು. ತರುಣರ ಬಾಯಲ್ಲಿ ಬರಿಯ ವೇಪ್.

ಹಬ್ಬದ ಅಡುಗೆ, ಮಕ್ಕಳ ಪದ್ಯ, ವಧೂವರರ ವಿವರಗಳು ಬರುವ ಪತ್ರಿಕೆಯಲ್ಲಿ ಈ ಮಾತೇಕೆ ಎಂದು ಕೆಲವರು ಹುಬ್ಬು ಗಂಟಿಕ್ಕಬಹುದು. ಈ ವಿಷಯ ಬಂದಾಗಲೆಲ್ಲ ತಂದೆತಾಯಂದಿರು ಆಡುವ ಒಂದು ಮಾತು ನಮ್ಮನ್ನು ಬಹಳ ದಿನದಿಂದ ಕಾಡುತ್ತಿದೆ: "ಅದೆಲ್ಲ ನಮಗೆ ತಿಳಿಯುವುದಿಲ್ಲ, ನಮ್ಮ ಕಾಲ ಮುಗಿಯಿತು." ಫೋನಿನ ವಿಷಯದಲ್ಲಿ ಹೀಗೆಂದರೆ ನಷ್ಟ ಅಷ್ಟಿಷ್ಟು. ಹದಿನೈದು ವರ್ಷದ ಮಗುವಿನ ಚೀಲದಲ್ಲಿರುವ ವಸ್ತುವಿನ ವಿಷಯದಲ್ಲಿ ಹೀಗೆಂದು ಕೈಚೆಲ್ಲಿದರೆ ನಷ್ಟ ದೊಡ್ಡದು.

ಹಿಂದಿನ ಕಾಲದಲ್ಲಿ ಚಟವೂ ಮನೆಯವರ ಕಣ್ಣಳತೆಯಲ್ಲಿಯೇ ಇರುತ್ತಿತ್ತು. ಅಜ್ಜನ ನಶ್ಯದ ಡಬ್ಬಿ ಎಲ್ಲಿದೆ ಎಂದು ಮೊಮ್ಮಕ್ಕಳಿಗೂ ಗೊತ್ತು. ಬೀಡಿಯ ಕಟ್ಟು ಎಂದರೆ ಬೀಡಿಯ ಕಟ್ಟು. ಅದು ನಲವತ್ತು ವರ್ಷಗಳಲ್ಲಿ ರೂಪು ಬದಲಿಸಿ ಯಾರನ್ನೂ ಮೋಸಗೊಳಿಸಲಿಲ್ಲ. ನಮ್ಮ ಈ ಭಾಗ್ಯನಗರದ್ದೇ ಉದಾಹರಣೆ ಬೇಕೆಂದರೆ, 1930ರಲ್ಲಿ ಇಲ್ಲಿ ಹುಟ್ಟಿದ ವಜೀರ್ ಸುಲ್ತಾನ್ ಕಂಪೆನಿಯ ಚಾರ್‌ಮಿನಾರ್ ಸಿಗರೇಟಿದೆ. ತಂದೆ ಕಂಡ ಪೊಟ್ಟಣವನ್ನು ಮಗನೂ ಗುರುತು ಹಿಡಿಯಬಲ್ಲವನಾಗಿದ್ದ. ಮಗ ಅದನ್ನು ಕದ್ದು ಸೇದಿದನೆನ್ನಿ, ತಾಯಿಯ ಮೂಗೇ ಪೋಲೀಸು. ಅಂಗಿ ಒಗೆಯಲು ಎತ್ತಿಕೊಂಡ ಕೂಡಲೆ ಸಾಕ್ಷಿ ಸಿಕ್ಕುತ್ತಿತ್ತು. ಅವಳ ಮೂಗನ್ನು ತಪ್ಪಿಸಿಕೊಂಡರೆ ಓಣಿಯ ತುದಿಯ ಅಂಗಡಿಯವರಿದ್ದರು. ಸಂಜೆಯೊಳಗೆ ವರ್ತಮಾನ ಮನೆ ಸೇರುತ್ತಿತ್ತು.

ಈಗ ಮೂಗು ಸೋತಿದೆ, ಓಣಿಯೂ ಇಲ್ಲ. ಕಲಬುರಗಿ, ಬೀದರ, ರಾಯಚೂರುಗಳಿಂದ ಬಂದ ನಮ್ಮ ಹಳೆಯ ಮನೆತನಗಳಿಗೆ 1956ರ ವರೆಗೂ ಹೈದರಾಬಾದೇ ರಾಜಧಾನಿ. ಅವರಿಗೆ ಇದು ಪರವೂರಾಗಿರಲಿಲ್ಲ. ಆಮೇಲೆ ಬಂದವರು ಉಪ್ಪಲ್ ರಸ್ತೆಯ ಪ್ರಯೋಗಾಲಯಗಳಿಗೆ ಬಂದರು, ಕಾರ್ಖಾನೆಗಳಿಗೆ ಬಂದರು, ಈಚೆಗೆ ಕಂಪ್ಯೂಟರ್ ಕಂಪೆನಿಗಳಿಗೆ ಬರುತ್ತಿದ್ದಾರೆ. ಅವರು ನೆಲೆಸಿದ್ದು ಐದನೆಯ ಮಹಡಿಯಲ್ಲಿ. ಎದುರು ಬಾಗಿಲಿನವರ ಹೆಸರು ತಿಳಿದಿದ್ದರೆ ಅದೇ ಹೆಚ್ಚು. ನಮ್ಮ ಮಗು ಮೆಟ್ರೋ ನಿಲ್ದಾಣದ ಕೆಳಗೆ ಯಾರೊಡನೆ ನಿಂತಿತ್ತೆಂದು ಬಂದು ಹೇಳುವ ಅತ್ತೆಯೂ ಇಲ್ಲ, ಮಾವನೂ ಇಲ್ಲ.

ಇನ್ನು ಈ ವಸ್ತುವಿನ ಚರಿತ್ರೆಯನ್ನು ನೋಡೋಣ. ಹೊಗೆಸೊಪ್ಪನ್ನು ಸುಡದೆ ಸೇದುವ ಸಾಧನವೊಂದಕ್ಕೆ ಅಮೆರಿಕದ ಹರ್ಬರ್ಟ್ ಗಿಲ್ಬರ್ಟ್ ಎಂಬಾತ 1963ರಲ್ಲೇ ಪೇಟೆಂಟ್ ಕೇಳಿದ್ದ. 1965ರಲ್ಲಿ ಅದು ದೊರೆಯಿತು. ಆದರೆ ಕೊಳ್ಳುವವರಿರಲಿಲ್ಲ. 2003ರಲ್ಲಿ ಚೀನಾದ ಹೋನ್ ಲಿಕ್ ಎಂಬ ಔಷಧತಜ್ಞ ಈಗಿನ ಈ-ಸಿಗರೇಟಿಗೆ ಬುನಾದಿ ಹಾಕಿದ. ಅವನೂ ಸಿಗರೇಟು ಸೇದುತ್ತಿದ್ದವನೇ. ಅವನ ತಂದೆ ತೀರಿಕೊಂಡದ್ದು ಶ್ವಾಸಕೋಶದ ಕ್ಯಾನ್ಸರಿನಿಂದ. ಅಲ್ಲಿಂದೀಚೆಗೆ ಇಪ್ಪತ್ತು ಚಿಲ್ಲರೆ ವರ್ಷಗಳಲ್ಲಿ ಅದು ಎತ್ತಿದ ಅವತಾರಗಳು ಒಂದೇ ಎರಡೇ! ಮೊದಲು ಸಿಗರೇಟಿನ ಹಾಗೆಯೇ ಇತ್ತು. ಬಳಿಕ ಬರೆಯುವ ಪೆನ್ನಿನಂತಾಯಿತು. ಆಮೇಲೆ ಅಂಗೈ ತುಂಬುವ ಪೆಟ್ಟಿಗೆಯಾಗಿ, ಕಾವು ಹೆಚ್ಚು ಕಡಮೆ ಮಾಡುವ ಗುಂಡಿಗಳನ್ನು ಪಡೆಯಿತು. 2015ರಲ್ಲಿ ಅಮೆರಿಕದಲ್ಲಿ ಜೂಲ್ ಎಂಬುದು ಪೆನ್ ಡ್ರೈವಿನ ವೇಷದಲ್ಲಿ ಬಂದಿತು. ಈಗ ಬಣ್ಣಬಣ್ಣದ, ಮಕ್ಕಳ ಆಟಿಕೆಯಂಥ, ಸೇದಿ ಬಿಸಾಡುವ ಡಬ್ಬಿಗಳು. ಕೆಲವಕ್ಕೆ ಪುಟ್ಟ ತೆರೆಯೂ ಉಂಟು.

ವೇಷ ಎಷ್ಟೇ ಇರಲಿ, ಒಳಗಿನ ಯಂತ್ರ ಬಹು ಸರಳ. ಒಂದು ಬ್ಯಾಟರಿ, ಒಂದು ಸಣ್ಣ ತಂತಿಯ ಸುರುಳಿ, ಒಂದಿಷ್ಟು ಹತ್ತಿ, ಒಂದಿಷ್ಟು ದ್ರವ. ದೀಪದ ಬತ್ತಿ ಎಣ್ಣೆಯನ್ನು ಹೀರುವಂತೆ ಹತ್ತಿ ದ್ರವವನ್ನು ಹೀರುತ್ತದೆ. ಬ್ಯಾಟರಿ ಸುರುಳಿಯನ್ನು ಕಾಯಿಸುತ್ತದೆ. ದ್ರವ ಆವಿಯಾಗಿ ಏಳುತ್ತದೆ. ದ್ರವದಲ್ಲಿ ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್, ವಾಸನೆಯ ದ್ರವ್ಯಗಳು, ಮತ್ತು ಬಹುಪಾಲು ನಿಕೋಟಿನ್. ದೇವರ ಮುಂದೆ ದಿನವೂ ದೀಪ ಹಚ್ಚುವ ನಮ್ಮ ಗೃಹಿಣಿಯರಿಗೆ ಬತ್ತಿ ಎಣ್ಣೆಗಳ ಸಂಬಂಧವನ್ನು ಯಾರೂ ಕಲಿಸಬೇಕಾಗಿಲ್ಲ. ಆದ್ದರಿಂದ "ನಮಗೆ ತಿಳಿಯುವುದಿಲ್ಲ" ಎಂಬ ಮಾತಿಗೆ ಇಲ್ಲಿ ಆಧಾರ ಸಾಲದು.

ಹಾಗಾದರೆ ರೂಪು ಇಷ್ಟು ಬೇಗಬೇಗನೆ ಬದಲಾಗುವುದೇಕೆ? ವಿಜ್ಞಾನ ಮುಂದುವರಿಯುತ್ತಿರುವುದರಿಂದ ಎಂದು ನಾವು ತಿಳಿಯುತ್ತೇವೆ. ಅದು ಅರ್ಧ ಮಾತ್ರ ನಿಜ. 2020ರ ಮೊದಲಲ್ಲಿ ಅಮೆರಿಕದ ಸರ್ಕಾರ ಹಣ್ಣಿನ ರುಚಿಯ ಬದಲಿ ಕೊಳವೆಗಳ ಮೇಲೆ ಕ್ರಮ ಕೈಗೊಂಡಿತು. ಸೇದಿ ಬಿಸಾಡುವ ಡಬ್ಬಿಗಳು ಆಗ ಆ ಕ್ರಮದ ಹೊರಗುಳಿದುವು. ನೋಡುತ್ತಿದ್ದಂತೆ ಬಿಸಾಡುವ ಡಬ್ಬಿಗಳ ಸುಗ್ಗಿಯಾಯಿತು. 2025ರ ಜೂನ್ 1ರಿಂದ ಬ್ರಿಟನ್ನು ಬಿಸಾಡುವ ಡಬ್ಬಿಗಳ ಮಾರಾಟವನ್ನೇ ನಿಷೇಧಿಸಿತು. ಕಂಪೆನಿಗಳು ಹೆಚ್ಚುಕಡಮೆ ಅದೇ ಡಬ್ಬಿಗೆ ಚಾರ್ಜು ಮಾಡುವ ತೂತನ್ನಿಟ್ಟು ಅಂಗಡಿಯಲ್ಲಿ ಜೋಡಿಸಿದುವು. ಕಾನೂನು ಚಾಪೆಯ ಕೆಳಗೆ ತೂರಿದರೆ ವ್ಯಾಪಾರ ರಂಗೋಲೆಯ ಕೆಳಗೆ ತೂರುತ್ತದೆ. ಈ ಓಟದಲ್ಲಿ ಹಿಂದೆ ಬೀಳುವವರು ನಾವು ಮಾತ್ರವಲ್ಲ. ಇದರ ಮಾರಾಟ ನ್ಯಾಯಸಮ್ಮತವಾಗಿರುವ ದೇಶಗಳಲ್ಲಿ, ಸಿಗರೇಟು ಬಿಡಬೇಕೆಂದು ಇದನ್ನು ಹಿಡಿದ ನಡುವಯಸ್ಸಿನವರೂ ಗೊಣಗುತ್ತಾರೆ: ಕೊಂಡ ಸಾಧನ ಇನ್ನೂ ಗಟ್ಟಿಯಾಗಿದೆ, ಅದಕ್ಕೊಪ್ಪುವ ಸುರುಳಿ ಮಾತ್ರ ಅಂಗಡಿಯಲ್ಲಿ ಸಿಕ್ಕುವುದಿಲ್ಲ, ಹೊಸ ಮಾದರಿ ಕೊಳ್ಳಿ ಎನ್ನುತ್ತಾರೆ ಅಂಗಡಿಯವರು. ಬಳಸುವವನನ್ನೇ ಹಿಂದೆ ಬಿಡುವ ವ್ಯಾಪಾರವಿದು. ಅದರ ಮಾದರಿಗಳನ್ನು ಉರುಹೊಡೆಯದೆ ಹೋದೆವೆಂದು ನಾವು ನಾಚಬೇಕಾಗಿಲ್ಲ.

ಹೊಸತನ್ನು ಕಂಡು ಹಿರಿಯರು ತಬ್ಬಿಬ್ಬಾದದ್ದು ಇದೇ ಮೊದಲಲ್ಲ. ಅಕ್ಬರನ ಕೊನೆಗಾಲದಲ್ಲಿ ಅವನ ದೂತ ಅಸದ್ ಬೇಗನು ನಮ್ಮ ವಿಜಾಪುರಕ್ಕೆ ಬಂದಿದ್ದ. ಹೊಗೆಸೊಪ್ಪನ್ನು ಅವನು ಮೊದಲು ಕಂಡದ್ದು ಅಲ್ಲಿಯೇ. ಸೇದುವ ಸೊಗಸಾದ ಕೊಳವೆಯೊಂದನ್ನು ಮಾಡಿಸಿ, ಸೊಪ್ಪಿನೊಡನೆ ಆಗ್ರಾಕ್ಕೆ ಒಯ್ದು ಬಾದಶಹನ ಮುಂದಿಟ್ಟ. ಅಕ್ಬರನು ಒಂದೆರಡು ದಮ್ಮು ಎಳೆದನಂತೆ. ಆಸ್ಥಾನದ ವೈದ್ಯನು ತಡೆದ; ಇದು ಪರೀಕ್ಷೆಯಾಗದ ವಸ್ತು, ನಮ್ಮ ಗ್ರಂಥಗಳಲ್ಲಿ ಇದರ ವಿಚಾರವಿಲ್ಲ ಎಂಬುದು ಅವನ ವಾದ. ಜಗತ್ತಿನಲ್ಲಿ ಪ್ರತಿಯೊಂದು ಪದ್ಧತಿಯೂ ಒಂದು ಕಾಲಕ್ಕೆ ಹೊಸದೇ ಅಲ್ಲವೆ ಎಂಬುದು ಅಸದ್ ಬೇಗನ ವಾದ. ಸಭೆಯಲ್ಲಿ ಗೆದ್ದವನು ಯಾರೇ ಆಗಿರಲಿ, ಪೇಟೆಯಲ್ಲಿ ಸೊಪ್ಪು ಗೆದ್ದಿತು. 1617ರಲ್ಲಿ ಜಹಾಂಗೀರನು ಅಪ್ಪಣೆ ಹೊರಡಿಸಿ ತಡೆಯಲು ನೋಡಿದರೂ ಅದು ನಿಲ್ಲಲಿಲ್ಲ. ಆ ವೈದ್ಯನಿಗೆ ಕೊಳವೆಯ ಕುಶಲತೆ ತಿಳಿದಿರಲಿಲ್ಲ, ಸೊಪ್ಪಿನ ಹೆಸರೂ ಹೊಸದು. ಆದರೆ ದೇಹದೊಳಗೆ ಹೋಗುವುದೇನು ಎಂಬ ಅವನ ಪ್ರಶ್ನೆ ಸರಿಯಾದ ಪ್ರಶ್ನೆಯಾಗಿತ್ತು. ನಾನೂರು ವರ್ಷಗಳ ಮೇಲೂ ಕೇಳಬೇಕಾದ ಪ್ರಶ್ನೆ ಅದೇ.

ಉತ್ತರವೂ ಬದಲಾಗಿಲ್ಲ: ನಿಕೋಟಿನ್. ನಶ್ಯದಲ್ಲಿದ್ದದ್ದು ಅದೇ, ಬೀಡಿಯಲ್ಲಿದ್ದದ್ದು ಅದೇ, ಮಾವಿನ ಮೋಡದಲ್ಲಿರುವುದೂ ಅದೇ. ಒಂದು ವ್ಯತ್ಯಾಸವನ್ನು ಮಾತ್ರ ತಾಯಂದಿರು ತಿಳಿದಿರಬೇಕು. ಮೊದಲ ಬೀಡಿ ಸೇದಿದ ಹುಡುಗ ಕೆಮ್ಮಿ ಕಣ್ಣೀರು ಸುರಿಸುತ್ತಿದ್ದ. ಗಂಟಲೇ ಅವನಿಗೆ ಬುದ್ಧಿ ಹೇಳುತ್ತಿತ್ತು. ಹೊಸ ಸಾಧನಗಳಲ್ಲಿ ನಿಕೋಟಿನ್ನಿಗೆ ಆಮ್ಲ ಸೇರಿಸಿ ಲವಣವನ್ನಾಗಿ ಮಾಡುತ್ತಾರೆ. ಅದರಿಂದ ಗಂಟಲಿನ ಉರಿ ತಗ್ಗುತ್ತದೆ, ಹೆಚ್ಚು ಪ್ರಮಾಣವೂ ಸಲೀಸಾಗಿ ಒಳಗೆ ಹೋಗುತ್ತದೆ. ಬುದ್ಧಿ ಹೇಳುವ ಗಂಟಲಿನ ಬಾಯಿ ಕಟ್ಟಿದ ಹಾಗಾಯಿತು. ಮನುಷ್ಯನ ಮಿದುಳು ಸುಮಾರು ಇಪ್ಪತ್ತೈದು ವರ್ಷದ ವರೆಗೂ ಬೆಳೆಯುತ್ತಿರುತ್ತದೆ. ಆ ವಯಸ್ಸಿನೊಳಗೆ ಹತ್ತಿದ ಚಟ ಆಳವಾಗಿ ಬೇರು ಬಿಡುತ್ತದೆ. ದ್ರವದಲ್ಲಿ ಬೇರೆಯವರು ಏನು ಬೆರೆಸಿದ್ದಾರೆಂಬುದೂ ಕಣ್ಣಿಗೆ ಕಾಣುವುದಿಲ್ಲ. 2019ರಲ್ಲಿ ಅಮೆರಿಕದಲ್ಲಿ ಕಾಣಿಸಿಕೊಂಡ ಶ್ವಾಸಕೋಶದ ಬೇನೆಯಿಂದ 2020ರ ಫೆಬ್ರವರಿಯ ಹೊತ್ತಿಗೆ 2,800ಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದ್ದರು. 68 ಮಂದಿ ತೀರಿಕೊಂಡರು. ಗಾಂಜಾದ ಸಾರವಿದ್ದ ದ್ರವಗಳಿಗೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಅದಕ್ಕೆ ಮುಖ್ಯ ಕಾರಣವೆಂದು ಗೊತ್ತಾಯಿತು.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಲಂಡನ್ನಿನಲ್ಲಿರುವ ಮಗ, "ಅಪ್ಪಾ, ಇಲ್ಲಿನ ವೈದ್ಯರೇ ಸಿಗರೇಟು ಬಿಡಲು ಇದನ್ನು ಹೇಳುತ್ತಾರೆ" ಎಂದರೆ ಅದು ಸುಳ್ಳಲ್ಲ. ಎಲೆಯನ್ನು ಸುಟ್ಟ ಹೊಗೆಗಿಂತ ಇದರ ಹಾನಿ ಕಡಮೆ ಎಂಬುದು ಬ್ರಿಟನ್ನಿನ ಆರೋಗ್ಯ ಇಲಾಖೆಯ ನಿಲುವು. ಆ ಮಾತು ಮೂವತ್ತು ವರ್ಷ ಸಿಗರೇಟು ಸೇದಿದವರಿಗೆ ಅನ್ವಯಿಸುತ್ತದೆ. ಯಾವ ಚಟವೂ ಇಲ್ಲದ ಮಗುವಿಗೆ ಇದರಿಂದ ಬಿಡಿಸಿಕೊಳ್ಳಬೇಕಾದದ್ದೇನಿದೆ? ಅದಕ್ಕೆ ಬರುವುದು ಚಟವೊಂದೇ.

ನಮ್ಮ ದೇಶದ ಕಾನೂನಂತೂ ಸ್ಪಷ್ಟವಾಗಿದೆ. ಕರ್ನಾಟಕ 2016ರಲ್ಲಿಯೇ ಇದನ್ನು ನಿಷೇಧಿಸಿತ್ತು. 2019ರ ಸೆಪ್ಟೆಂಬರ್ 18ರಂದು ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿತು; ಅದೇ ಡಿಸೆಂಬರಿನಲ್ಲಿ ಅದು ಕಾಯಿದೆಯಾಯಿತು. ತಯಾರಿಸುವುದು, ಆಮದು ರಫ್ತು ಮಾಡುವುದು, ಮಾರುವುದು, ಹಂಚುವುದು, ದಾಸ್ತಾನು ಮಾಡುವುದು, ಜಾಹೀರಾತು ಕೊಡುವುದು ಎಲ್ಲವೂ ಅಪರಾಧ. ಮಾರುವವನ ಮೊದಲ ತಪ್ಪಿಗೆ ಒಂದು ವರ್ಷದ ವರೆಗೆ ಸೆರೆಮನೆ, ಇಲ್ಲವೆ ಒಂದು ಲಕ್ಷ ರೂಪಾಯಿಯ ವರೆಗೆ ದಂಡ, ಇಲ್ಲವೆ ಎರಡೂ. ರಜಕ್ಕೆ ಬರುವ ಪರದೇಶದ ನಂಟರಿಗೆ, "ಚಾಕೊಲೇಟು ತಾ, ಇದನ್ನು ತರಬೇಡ" ಎಂದು ಮೊದಲೇ ಬರೆದುಬಿಡುವುದು ಲೇಸು. ಕಾನೂನಿದ್ದರೂ ಕದ್ದು ಮಾರುವವರು ನಿಂತಿಲ್ಲ ಎಂಬುದು ಪತ್ರಿಕೆ ಓದುವವರಿಗೆಲ್ಲ ತಿಳಿದದ್ದೇ. ಕದ್ದು ಬಂದ ಮಾಲಿನ ಒಳಗೇನಿದೆ ಎಂದು ಯಾವ ಅಧಿಕಾರಿಯೂ ಪರೀಕ್ಷಿಸಿರುವುದಿಲ್ಲ.

ಇಷ್ಟರ ಮೇಲೆ ನಮ್ಮ ಕೈಯಲ್ಲಿ ಉಳಿಯುವುದೇನು? ಮಕ್ಕಳ ಚೀಲವನ್ನು ಕದ್ದು ಶೋಧಿಸುವ ವಿದ್ಯೆಯಿಂದ ಬಹಳ ದಿನ ನಡೆಯದು. ಇಂದು ಪೆನ್ನಿನಂತಿರುವುದು ನಾಳೆ ಇನ್ನೊಂದರಂತೆ ಇರುತ್ತದೆ. ಉಳಿಯುವುದು ಮಾತು. ಆ ಮಾತಿನ ವಿಷಯದಲ್ಲಿಯೇ ವಲಸೆ ಬಂದ ನಮಗೆ ಒಂದು ಹೆಚ್ಚಿನ ತೊಡಕಿದೆ. ನಮ್ಮ ಮಕ್ಕಳಿಗೆ ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ತೆಲುಗು ಹಿಂದಿ. ಕನ್ನಡ ಮನೆಗೆ ಸೀಮಿತ. ಮನೆಯಲ್ಲಿ ತಾನೆ ಎಷ್ಟು? "ಊಟವಾಯಿತೆ?", "ಎಷ್ಟು ಮಾರ್ಕು ಬಂತು?", "ಫೋನ್ ಕೆಳಗಿಡು." ತನ್ನ ಭಯ, ಗೆಳೆಯರ ಒತ್ತಾಯ, ಒಮ್ಮೆ ರುಚಿ ನೋಡಿದ ಗುಟ್ಟು, ಇವನ್ನು ಹೇಳಲು ಬೇಕಾದ ಕನ್ನಡವನ್ನು ನಾವು ಮಗುವಿಗೆ ಕೊಟ್ಟೇ ಇಲ್ಲವಾದರೆ, ಅದು ಯಾವ ಮಾತಿನಲ್ಲಿ ನಮ್ಮ ಬಳಿಗೆ ಬಂದೀತು? ರಾಜ್ಯೋತ್ಸವದ ದಿನ ವೇದಿಕೆಯ ಮೇಲೆ ಪದ್ಯ ಒಪ್ಪಿಸುವ ಕನ್ನಡ ಬೇಕು, ನಿಜ. ರಾತ್ರಿ ಹತ್ತು ಗಂಟೆಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅಮ್ಮಾ, ಒಂದು ಮಾತು ಹೇಳಬೇಕು, ಬೈಯಬೇಡ" ಎನ್ನುವ ಕನ್ನಡವೂ ಬೇಕು.

ಆದ್ದರಿಂದ ನಮ್ಮ ಸಲಹೆ ಇಷ್ಟೆ. ತಿಳಿಯದ್ದನ್ನು ಮಕ್ಕಳನ್ನೇ ಕೇಳೋಣ. "ಇದೇನಪ್ಪಾ, ನಿಮ್ಮ ಕಾಲೇಜಿನಲ್ಲಿ ಹೀಗೆಲ್ಲ ಇದೆಯಂತೆ, ನಮಗಷ್ಟು ತಿಳಿಸಿ ಹೇಳು" ಎಂದರೆ ನಮ್ಮ ಹಿರಿತನಕ್ಕೆ ಕುಂದಿಲ್ಲ. ತಿಳಿಸಿ ಹೇಳುವ ಮಗು ತಾನು ಹೇಳಿದ್ದನ್ನು ತಾನೂ ಕೇಳಿಸಿಕೊಳ್ಳುತ್ತದೆ. ಮೊದಲ ಮಾತಿಗೇ ಕೈ ಎತ್ತಿದರೆ ಎರಡನೆಯ ಮಾತು ಹುಟ್ಟುವುದಿಲ್ಲ. ಚಟ ಹತ್ತಿದೆಯೆಂದು ತಿಳಿದರೆ ಅದನ್ನು ಮಾನಹಾನಿಯೆಂದು ಮುಚ್ಚಿಡದೆ ಬೇನೆಯೆಂದು ಭಾವಿಸಿ ವೈದ್ಯರಲ್ಲಿಗೆ ಕರೆದೊಯ್ಯೋಣ. ತಂಬಾಕು ಬಿಡಿಸುವ ರಾಷ್ಟ್ರೀಯ ಸಹಾಯವಾಣಿ 1800-11-2356, ಕರೆಗೆ ಖರ್ಚಿಲ್ಲ. ಇದರ ಕೇಂದ್ರಗಳಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೂ ಒಂದಾಗಿರುವುದರಿಂದ ಕನ್ನಡದಲ್ಲಿ ಮಾತನಾಡುವವರೂ ಸಿಕ್ಕುತ್ತಾರೆ. ನಮ್ಮ ಮನೆಗಳ ಹಿರಿಯ ಧೂಮಪಾನಿಗಳೂ ಈ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬಹುದು. ಅಪ್ಪ ಬಾಲ್ಕನಿಯಲ್ಲಿ ಸಿಗರೇಟು ಹಿಡಿದು ಮಗನಿಗೆ ಮಾಡಿದ ಉಪದೇಶ ಹೆಚ್ಚು ದೂರ ಹೋಗುವುದಿಲ್ಲ.

ಯಂತ್ರಗಳು ಓಡುತ್ತಿರಲಿ. ಅವುಗಳ ಹಿಂದೆ ಓಡುವ ಶಕ್ತಿ ನಮಗಿಲ್ಲ, ಅಗತ್ಯವೂ ಇಲ್ಲ. ಮಕ್ಕಳ ಮಾತು ನಮ್ಮ ಕಿವಿಗೆ ಎಟಕುವಷ್ಟು ಹತ್ತಿರದಲ್ಲಿ ನಾವಿದ್ದರೆ, ಯಾವ ಹೊಸ ಮಾದರಿ ಬಂದರೂ ನಾವು ಹಿಂದೆ ಬಿದ್ದವರಾಗುವುದಿಲ್ಲ.