ಪದಬಂಧವೂ ಲೋಕಜ್ಞಾನವೂ

ಮಧ್ಯಾಹ್ನದ ಊಟವು ಮುಗಿದು, ಅಡಿಗೆಯ ಮನೆಯ ಕೆಲಸವು ತೀರಿದ ಮೇಲೆ, ಪತ್ರಿಕೆಯ ಪದಬಂಧವನ್ನು ಮುಂದಿಟ್ಟುಕೊಂಡು ಕುಳಿತುಕೊಳ್ಳುವ ಅಭ್ಯಾಸವು ನಮ್ಮ ನಾಡಿನ ಅನೇಕ ಮನೆಗಳಲ್ಲಿ ನೆಲೆಗೊಂಡಿದೆ. ಇದನ್ನು ಕೆಲವರು ಬರಿಯ ಕಾಲಹರಣವೆಂದು ಹಳಿಯುವರು. ಮತ್ತೆ ಕೆಲವರು ಶಾಲೆಯಿಲ್ಲದ ವಿದ್ಯಾಭ್ಯಾಸವೆಂದು ಹೊಗಳುವರು. ಈ ಎರಡು ಮಾತುಗಳಲ್ಲಿಯೂ ಸ್ವಲ್ಪ ಸ್ವಲ್ಪ ಸತ್ಯವುಂಟು. ಯಾವ ಬಗೆಯ ಪದಬಂಧದಿಂದ ಯಾವ ಪ್ರಯೋಜನ, ಯಾವುದರಿಂದ ಕೇಡು ಎಂಬುದನ್ನು ಈ ತಿಂಗಳು ವಾಚಕರೊಡನೆ ವಿಚಾರಿಸಬೇಕೆಂದು ನಮ್ಮ ಇಚ್ಛೆ.

ಪದಬಂಧಗಳಲ್ಲಿ ಸ್ಥೂಲವಾಗಿ ಮೂರು ಜಾತಿಗಳನ್ನು ಕಾಣಬಹುದು. ಒಂದು ಪದಕ್ಕೆ ಅದೇ ಅರ್ಥದ ಇನ್ನೊಂದು ಪದವನ್ನು ಕೇಳುವುದು ಮೊದಲನೆಯದು. ಶ್ಲೇಷೆಯಿಂದಲೂ ಅಕ್ಷರಗಳ ಪಲ್ಲಟದಿಂದಲೂ ಒಗಟಿನಂತೆ ಕೇಳುವುದು ಎರಡನೆಯದು. ನದಿ, ಪರ್ವತ, ರಾಜಧಾನಿ, ಕವಿ, ಪುರಾಣಪುರುಷ, ಪ್ರಾಣಿ, ಲೋಹ, ಇವುಗಳ ಹೆಸರನ್ನು ನೇರವಾಗಿ ಕೇಳುವುದು ಮೂರನೆಯದು. ಈ ಮೂರನೆಯದನ್ನೇ ನಾವು ಲೋಕಜ್ಞಾನದ ಪದಬಂಧವೆಂದು ಕರೆಯುತ್ತೇವೆ. ಇಲ್ಲಿ ಜಾಣತನಕ್ಕಿಂತ ತಿಳಿವಳಿಕೆಯೇ ಹೆಚ್ಚು ಬೇಕಾಗುವುದು.

ಈ ಆಟದ ಜನ್ಮವೃತ್ತಾಂತವು ಸ್ಪಷ್ಟವಾಗಿ ತಿಳಿದುಬಂದಿದೆ. ಇಂಗ್ಲೆಂಡಿನ ಲಿವರ್‌ಪೂಲ್ ಪಟ್ಟಣದಲ್ಲಿ ಹುಟ್ಟಿ ಅಮೆರಿಕೆಗೆ ಹೋಗಿ ನೆಲೆಸಿದ ಆರ್ಥರ್ ವಿನ್ ಎಂಬ ಪತ್ರಿಕೋದ್ಯೋಗಿಯು 1913ನೆಯ ಇಸವಿಯ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯ ವಿನೋದದ ಪುರವಣಿಯಲ್ಲಿ ಇದನ್ನು ಮೊದಲು ಪ್ರಕಟಿಸಿದನು. ಅದರ ಆಕಾರವು ಚೌಕವಲ್ಲ, ವಜ್ರದಂತಿತ್ತು. ಹೆಸರು ‘ವರ್ಡ್-ಕ್ರಾಸ್’ ಎಂದಿತ್ತು. ಕೆಲವು ವಾರಗಳಲ್ಲಿಯೇ ಆ ಹೆಸರಿನ ಎರಡು ಭಾಗಗಳು ಹಿಂದುಮುಂದಾಗಿ ‘ಕ್ರಾಸ್-ವರ್ಡ್’ ಎಂದು ಅಚ್ಚಾಯಿತು, ಅದೇ ನಿಂತುಹೋಯಿತು. ಆ ಮೊದಲ ಪದಬಂಧದಲ್ಲಿಯೇ ರಷ್ಯಾ ದೇಶದ ಒಂದು ನದಿಯನ್ನೂ, ಗೋಮುತಿ ಎಂಬ ತಾಳೆಯ ಜಾತಿಯ ಮರದ ನಾರಿನ ಹೆಸರನ್ನೂ ಕೇಳಿದ್ದರು. ನದಿಯ ಹೆಸರು ನೇವಾ. ನಾರಿನ ಹೆಸರನ್ನು ಬಲ್ಲವರು ಅಂದಿಗೂ ವಿರಳ, ಇಂದಿಗೂ ವಿರಳ. ಲೋಕಜ್ಞಾನವು ಈ ಆಟಕ್ಕೆ ಹುಟ್ಟುವಾಗಲೇ ಅಂಟಿಕೊಂಡು ಬಂದುದೆಂದು ಇದರಿಂದ ತಿಳಿಯತಕ್ಕದ್ದು.

1924ರಲ್ಲಿ ಸೈಮನ್ ಮತ್ತು ಶುಸ್ಟರ್ ಎಂಬ ಇಬ್ಬರು ಪ್ರಕಾಶಕರು ಪದಬಂಧಗಳ ಮೊದಲ ಪುಸ್ತಕವನ್ನು, ಪ್ರತಿಯೊಂದಕ್ಕೂ ಒಂದೊಂದು ಸೀಸದ ಕಡ್ಡಿಯನ್ನು ಲಗತ್ತಿಸಿ, ಮಾರಾಟಕ್ಕೆ ತಂದರು. ಆ ವರ್ಷವೇ ಈ ಹುಚ್ಚನ್ನು ಹಳಿದು ಬರೆದಿದ್ದ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯು ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರ ಫೆಬ್ರವರಿ 15ರಿಂದ, ತಾನೇ ಪದಬಂಧವನ್ನು ಪ್ರಕಟಿಸತೊಡಗಿತು. ಲಂಡನ್ನಿನ ‘ಟೈಮ್ಸ್’ ಪತ್ರಿಕೆಯು 1930ರ ಫೆಬ್ರವರಿ 1ರಂದೇ ಆರಂಭಿಸಿತ್ತು. ಅದೇ ಊರಿನ ‘ಡೈಲಿ ಟೆಲಿಗ್ರಾಫ್’ ಪತ್ರಿಕೆಯು 1942ರ ಜನವರಿಯಲ್ಲಿ ಹನ್ನೆರಡು ನಿಮಿಷಗಳೊಳಗೆ ಪದಬಂಧ ಬಿಡಿಸುವ ಸ್ಪರ್ಧೆಯನ್ನು ನಡೆಸಿದಾಗ, ಗೆದ್ದವರಲ್ಲಿ ಕೆಲವರಿಗೆ ಶತ್ರುಗಳ ಗುಪ್ತಲಿಪಿಯನ್ನು ಭೇದಿಸುವ ಬ್ಲೆಚ್ಲಿ ಪಾರ್ಕಿನಲ್ಲಿ ಕೆಲಸಕ್ಕೆ ಕರೆ ಬಂದಿತು.

ಇಷ್ಟು ಕೀರ್ತಿಯ ಕಥೆಯಾಯಿತು. ಈ ಚರಿತ್ರೆಯಲ್ಲಿ ಗೃಹಸ್ಥರು ಮರೆಯಬಾರದ ಇನ್ನೊಂದು ಅಧ್ಯಾಯವುಂಟು. ಅದು ಬಹುಮಾನದ ಪದಬಂಧಗಳದು. ಕಳೆದ ಶತಮಾನದ ನಡುಭಾಗದಲ್ಲಿ ನಮ್ಮ ದೇಶದಲ್ಲಿ ಇವು ವಿಪರೀತವಾಗಿ ಹಬ್ಬಿದ್ದುವು. ಪ್ರವೇಶಧನವನ್ನು ಕಟ್ಟಿ ಉತ್ತರವನ್ನು ಕಳುಹಿಸಿದರೆ ದೊಡ್ಡ ಮೊತ್ತದ ಬಹುಮಾನದ ಆಸೆ. ಒಬ್ಬನೇ ಹತ್ತಾರು ಪ್ರತಿಗಳನ್ನು ತುಂಬಿ ಕಳುಹಿಸಿದಷ್ಟೂ ನಡೆಸುವವರಿಗೆ ಲಾಭ. ಇಂಥ ಒಂದು ಸ್ಪರ್ಧೆಯು ನಮ್ಮ ಬೆಂಗಳೂರಿನಲ್ಲಿಯೇ ಅಚ್ಚಾಗುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ಪತ್ರಿಕೆಯ ಮೂಲಕ ನಡೆಯುತ್ತಿತ್ತು. ಆ ಪತ್ರಿಕೆಯು ಮುಂಬಯಿ ಪ್ರಾಂತದಲ್ಲಿಯೂ ಹೇರಳವಾಗಿ ಹರಡಿತ್ತು. ಮುಂಬಯಿ ಸರಕಾರವು ಅದರ ಮೇಲೆ ತೆರಿಗೆಯನ್ನು ವಿಧಿಸಲು ಹೊರಟಾಗ ವ್ಯಾಜ್ಯವು ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಇದು ಜಾಣ್ಮೆಯ ಆಟವೋ ಜೂಜೋ ಎಂಬುದೇ ಅಲ್ಲಿನ ಮುಖ್ಯ ಪ್ರಶ್ನೆ. 1957ರ ಏಪ್ರಿಲ್ 9ರಂದು ನ್ಯಾಯಾಲಯವು ಇದು ಜೂಜೇ ಎಂದೂ, ಜೂಜಿಗೆ ವ್ಯಾಪಾರದ ಸ್ವಾತಂತ್ರ್ಯದ ರಕ್ಷಣೆಯಿಲ್ಲವೆಂದೂ ತೀರ್ಪು ಕೊಟ್ಟಿತು. ಅದಕ್ಕೆ ಮುಂಚೆಯೇ, 1955ರಲ್ಲಿ, ಪಾರ್ಲಿಮೆಂಟು ಒಂದು ಕಾಯಿದೆಯನ್ನು ಮಾಡಿ, ತಿಂಗಳಿಗೆ ಒಂದು ಸಾವಿರ ರೂಪಾಯಿಗಳನ್ನು ಮೀರಿದ ಬಹುಮಾನದ ಸ್ಪರ್ಧೆಗಳನ್ನು ನಿಷೇಧಿಸಿತ್ತು. ಈ ಕಾಯಿದೆಯು ಜೂಜಿನ ಸ್ವರೂಪದ ಸ್ಪರ್ಧೆಗಳಿಗೆ ಮಾತ್ರ ಅನ್ವಯಿಸುವುದೆಂದು ಅದೇ ದಿನದ ಇನ್ನೊಂದು ತೀರ್ಪಿನಲ್ಲಿ ಹೇಳಲಾಯಿತು.

ಪದಬಂಧವು ಜೂಜಾಗುವುದು ಹೇಗೆಂದು ವಾಚಕರು ಕೇಳಬಹುದು. ನಾವೇ ಕಟ್ಟಿದ ಒಂದು ಉದಾಹರಣೆಯನ್ನು ನೋಡಿರಿ. ಸುಳುಹು: ‘ಸಕಾಲದಲ್ಲಿ ಬಂದರೆ ರೈತನಿಗೆ ಹಿಗ್ಗು.’ ಎರಡು ಮನೆಗಳು. ಎರಡನೆಯ ಮನೆಯಲ್ಲಿ ‘ಳೆ’ ಎಂದು ಬಂದಿದೆ. ಮೊದಲನೆಯ ಮನೆಗೆ ಅಡ್ಡವಾಗಿ ಯಾವ ಪದವೂ ಹಾಯುವುದಿಲ್ಲ. ಉತ್ತರವು ‘ಮಳೆ’ಯೋ ‘ಬೆಳೆ’ಯೋ? ಎರಡೂ ಒಪ್ಪುತ್ತವೆ. ಸರಿಯಾದುದು ಯಾವುದೆಂಬುದನ್ನು ನಿಶ್ಚಯಿಸುವುದು ರೈತನಲ್ಲ, ನಿಘಂಟಲ್ಲ. ಮುದ್ರೆಯೊತ್ತಿ ಮುಚ್ಚಿಟ್ಟ ಲಕೋಟೆ. ಇಂಥ ಹತ್ತು ಸುಳುಹುಗಳಿದ್ದರೆ ಸಾವಿರದ ಇಪ್ಪತ್ತನಾಲ್ಕು ಬಗೆಯ ಉತ್ತರಗಳಾಗುತ್ತವೆ! ಎಂಥ ವಿದ್ವಾಂಸನಾದರೂ ಇಲ್ಲಿ ಕುರುಡನೇ. ಇಂಥ ಆಟಕ್ಕೆ ಸುರಿಯುತ್ತಿದ್ದುದು ಮನೆಯ ಅಕ್ಕಿ ಬೇಳೆಗೆಂದು ಇಟ್ಟ ಹಣ. ಆ ಬಗೆಯ ಸ್ಪರ್ಧೆಗಳ ಕಾಲವು ಮುಗಿಯಿತಾದರೂ ಅದರ ಆಸೆಯು ಅಂತರ್ಜಾಲದ ಪಣದ ಆಟಗಳಾಗಿ ಮರಳಿ ಹುಟ್ಟಿತು. 2025ರ ಆಗಸ್ಟಿನಲ್ಲಿ ಪಾರ್ಲಿಮೆಂಟು ಅವುಗಳ ನಿಷೇಧಕ್ಕೂ ಕಾಯಿದೆಯನ್ನು ಮಾಡಬೇಕಾಯಿತು. ಹಣವನ್ನು ಕಟ್ಟಿ ಆಡೆಂದು ಕರೆಯುವ ಪದಬಂಧವು ಎದುರಾದರೆ ಗೃಹಸ್ಥರು ದೂರದಿಂದಲೇ ಕೈಮುಗಿಯುವುದು ಲೇಸು.

ಇದಕ್ಕೆ ಪ್ರತಿಯಾಗಿ ಲೋಕಜ್ಞಾನದ ಒಳ್ಳೆಯ ಸುಳುಹಿಗೆ ಒಂದೇ ಉತ್ತರವಿರುವುದು. ಅದನ್ನು ಯಾರು ಬೇಕಾದರೂ ಪುಸ್ತಕವನ್ನು ತೆರೆದು ಪರೀಕ್ಷಿಸಬಹುದು. ಬಲ್ಲವನಿಗೆ ಅದು ಒಲಿಯುವುದು. ಅರಿಯದವನಿಗೂ ಅಡ್ಡಲಾಗಿ ಹಾಯುವ ಪದಗಳ ಸಹಾಯದಿಂದ ದಾರಿ ಸಿಕ್ಕುವುದು. ಅದರ ಪ್ರಾಮಾಣಿಕತೆಯಿರುವುದು ಇದರಲ್ಲಿಯೇ.

ಕನ್ನಡದ ಪದಬಂಧಕ್ಕೆ ತನ್ನದೇ ಆದ ಕೆಲವು ನಿಯಮಗಳುಂಟು. ಇಂಗ್ಲಿಷಿನಲ್ಲಿ ಒಂದು ಮನೆಗೆ ಇಪ್ಪತ್ತಾರು ಅಕ್ಷರಗಳಲ್ಲಿ ಒಂದು. ನಮ್ಮಲ್ಲಿಯಾದರೋ ಮನೆಯೊಳಗೆ ಕೂರುವುದು ಗುಣಿತಾಕ್ಷರ. 34 ವ್ಯಂಜನಗಳಿಗೆ ಕಾಗುಣಿತದ 15 ರೂಪಗಳಂತೆ ಲೆಕ್ಕ ಹಾಕಿದರೆ 510 ಆಗುತ್ತವೆ. ಒತ್ತಕ್ಷರಗಳು ಇದಕ್ಕೆ ಹೊರತು. ‘ನ’ ಇರುವಲ್ಲಿ ‘ನಿ’ ಸಲ್ಲದು. ಸೊನ್ನೆಯು ತನ್ನ ಹಿಂದಿನ ಅಕ್ಷರದ ಮನೆಯಲ್ಲಿಯೇ ಇರುವುದು. ಅರ್ಕಾವೊತ್ತು ಮುಂದಿನ ಅಕ್ಷರದ ಮನೆಯನ್ನು ಸೇರುವುದು. ಆದಕಾರಣ ಕನ್ನಡದಲ್ಲಿ ಪದಬಂಧವನ್ನು ಹೆಣೆಯುವುದು ಕಷ್ಟ; ಬಿಡಿಸುವವನಿಗಾದರೋ ದೊರೆತ ಒಂದೊಂದು ಅಕ್ಷರವೂ ಬಹಳ ಬೆಲೆಯುಳ್ಳದ್ದು.

ಇದನ್ನು ಒಂದು ದೃಷ್ಟಾಂತದಿಂದ ತೋರಿಸುವೆವು. ‘ಜ್ಞಾನಪೀಠ ಪ್ರಶಸ್ತಿ ಪಡೆದ ಕನ್ನಡ ಸಾಹಿತಿ’ ಎಂದು ಸುಳುಹು ಬಂದಿತೆನ್ನಿರಿ. ಈ ಗೌರವವು ಕುವೆಂಪು (1967), ಬೇಂದ್ರೆ (1973), ಕಾರಂತ (1977), ಮಾಸ್ತಿ (1983), ಗೋಕಾಕ (1990), ಅನಂತಮೂರ್ತಿ (1994), ಕಾರ್ನಾಡ (1998), ಕಂಬಾರ (2010) ಎಂಬ ಎಂಟು ಮಂದಿಗೆ ಸಂದಿದೆ. ಮನೆಗಳು ಎರಡಾದರೆ ಬೇಂದ್ರೆ ಅಥವಾ ಮಾಸ್ತಿ. ಐದಾದರೆ ಅನಂತಮೂರ್ತಿ. ಮೂರಾದರೆ ಉಳಿದ ಐವರಲ್ಲಿ ಒಬ್ಬರು. ಆಗ ಮೊದಲನೆಯ ಅಕ್ಷರವು ‘ಕಾ’ ಎಂದು ದೊರೆತರೆ ಇಬ್ಬರಿಗೆ ಇಳಿಯಿತು. ಕೊನೆಯದು ‘ತ’ ಎಂದಾದರೆ ಕಾರಂತರು, ‘ಡ’ ಎಂದಾದರೆ ಕಾರ್ನಾಡರು. ನೋಡಿರಿ, ಇಲ್ಲಿ ಊಹೆಯಿಲ್ಲ. ಒಂದೊಂದೇ ಹೆಜ್ಜೆಯನ್ನಿಟ್ಟು ನಿಶ್ಚಯಕ್ಕೆ ಬರುವ ತರ್ಕವಿದೆ. ಹೆಸರುಗಳ ಪಟ್ಟಿಯೊಂದನ್ನು ಬಾಯಿಪಾಠ ಮಾಡಿದವನಿಗಿಂತ ಅದನ್ನು ಮನೆಗಳ ಲೆಕ್ಕದಲ್ಲಿ ವಿಂಗಡಿಸಿಕೊಂಡವನೇ ಇಲ್ಲಿ ಮುಂದು.

ಹೊಸದಾಗಿ ತೊಡಗುವವರು ಕಾವ್ಯನಾಮಗಳನ್ನು ಮೊದಲು ಸಂಗ್ರಹಿಸಿಕೊಳ್ಳಲಿ. ಶ್ರೀನಿವಾಸ ಎಂದರೆ ಮಾಸ್ತಿ. ಅಂಬಿಕಾತನಯದತ್ತ ಎಂದರೆ ಬೇಂದ್ರೆ. ವಿನಾಯಕ ಎಂದರೆ ಗೋಕಾಕ. ಶ್ರೀರಂಗ ಎಂದರೆ ಆದ್ಯ ರಂಗಾಚಾರ್ಯ. ಆನಂದಕಂದ ಎಂದರೆ ಬೆಟಗೇರಿ ಕೃಷ್ಣಶರ್ಮ. ರಸಿಕರಂಗ ಎಂದರೆ ರಂ. ಶ್ರೀ. ಮುಗಳಿ, ಮುದ್ದಣ ಎಂದರೆ ನಂದಳಿಕೆಯ ಲಕ್ಷ್ಮೀನಾರಾಯಣಪ್ಪ, ತ್ರಿವೇಣಿ ಎಂದರೆ ಅನಸೂಯಾ ಶಂಕರ್. ಇದಾದ ಮೇಲೆ ಪುರಾಣದ ಗಣನೆಗಳು. ಅಷ್ಟದಿಕ್ಪಾಲಕರಲ್ಲಿ ಇಂದ್ರ, ಅಗ್ನಿ, ಯಮ, ವಾಯು ಎಂಬ ನಾಲ್ವರಿಗೆ ಎರಡೆರಡು ಮನೆ. ನಿರೃತಿ, ವರುಣ, ಕುಬೇರ, ಈಶಾನ ಎಂಬ ನಾಲ್ವರಿಗೆ ಮೂರು ಮೂರು. ಶ್ರೀಕೃಷ್ಣನ ಶಂಖವು ಪಾಂಚಜನ್ಯವೆಂಬುದು ಎಲ್ಲರಿಗೂ ತಿಳಿದದ್ದು. ಧರ್ಮರಾಯನದು ಅನಂತವಿಜಯ, ಭೀಮನದು ಪೌಂಡ್ರ, ಅರ್ಜುನನದು ದೇವದತ್ತ, ನಕುಲನದು ಸುಘೋಷ, ಸಹದೇವನದು ಮಣಿಪುಷ್ಪಕ ಎಂಬುದನ್ನು ಬಲ್ಲವರು ಕಡಿಮೆ. ಇಪ್ಪತ್ತೇಳು ನಕ್ಷತ್ರಗಳು, ಪ್ರಭವದಿಂದ ಮೊದಲಾಗುವ ಅರವತ್ತು ಸಂವತ್ಸರಗಳು ಪಂಚಾಂಗದಲ್ಲಿಯೇ ಇವೆ. ಪ್ರತ್ಯೇಕ ಗ್ರಂಥವೇನೂ ಬೇಡ.

ಹಿರಿಯರಿರುವ ಮನೆಗೆ ಇಲ್ಲಿ ಒಂದು ವಿಶೇಷ ಅನುಕೂಲವುಂಟು. ನಾಲ್ಕು ಪಾವಿಗೆ ಒಂದು ಸೇರೆಂಬುದನ್ನೂ, ಹನ್ನೆರಡು ಪೈಗೆ ಒಂದಾಣೆ, ಹದಿನಾರಾಣೆಗೆ ಒಂದು ರೂಪಾಯಿಯೆಂಬುದನ್ನೂ ಹೇಳಲು ಅಜ್ಜಿಯೇ ಬೇಕು. ಆಣೆಯ ಲೆಕ್ಕವು ಹೋಗಿ ನೂರು ಪೈಸೆಯ ಲೆಕ್ಕವು ಬಂದುದು 1957ರ ಏಪ್ರಿಲ್ 1ರಂದು. ಗ್ರಹಗಳ ಸಂಗತಿಯನ್ನೂ ಹೊಸ ದೇಶಗಳ ರಾಜಧಾನಿಗಳನ್ನೂ ಹೇಳಲು ಮೊಮ್ಮಗಳು ಬೇಕು. ಒಬ್ಬರಿಗೆ ತಿಳಿಯದುದು ಇನ್ನೊಬ್ಬರಿಗೆ ತಿಳಿದಿರುವುದೆಂಬ ವಿನಯವನ್ನು ಮಕ್ಕಳಿಗೆ ಉಪದೇಶವಿಲ್ಲದೆಯೇ ಕಲಿಸಲು ಇದಕ್ಕಿಂತ ಸುಲಭವಾದ ಉಪಾಯವು ನಮಗೆ ತೋರದು.

ಆದರೆ ಲೋಕಜ್ಞಾನವೂ ಅಟ್ಟದ ಮೇಲಿನ ಧಾನ್ಯದಂತೆ. ಆಗಾಗ್ಗೆ ಬಿಸಿಲಿಗೆ ಹಾಕದಿದ್ದರೆ ಹುಳು ಹಿಡಿಯುವುದು. 1930ರಲ್ಲಿ ಪ್ಲೂಟೋ ಕಂಡುಬಂದಾಗ ಗ್ರಹಗಳು ಒಂಬತ್ತಾದುವು; ಅದಕ್ಕೆ ಆ ಹೆಸರನ್ನು ಸೂಚಿಸಿದವಳು ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿದ್ದ ಹನ್ನೊಂದು ವರ್ಷದ ಬಾಲಕಿ ವೆನಿಷಿಯಾ ಬರ್ನಿ. 2006ರಲ್ಲಿ ಖಗೋಳವಿಜ್ಞಾನಿಗಳು ಅದನ್ನು ಕುಬ್ಜಗ್ರಹವೆಂದು ಬೇರೆ ಮಾಡಿದ ಮೇಲೆ ಗ್ರಹಗಳು ಮತ್ತೆ ಎಂಟಾದುವು. ಎವರೆಸ್ಟ್ ಶಿಖರದ ಎತ್ತರವು 1856ರಲ್ಲಿ ಪ್ರಕಟವಾದಂತೆ 29,002 ಅಡಿ. 1955ರ ಭಾರತೀಯ ಮೋಜಣಿಯಂತೆ 8,848 ಮೀಟರು. 2020ರ ಡಿಸೆಂಬರಿನಲ್ಲಿ ನೇಪಾಳ ಮತ್ತು ಚೀನಾ ಸೇರಿ ಸಾರಿದಂತೆ 8,848.86 ಮೀಟರು. ನಮ್ಮ ರಾಜ್ಯವೇ 1973ರ ನವೆಂಬರ್ 1ರವರೆಗೆ ಮೈಸೂರು ಎನಿಸಿಕೊಂಡಿತ್ತು. ಕಜಾಕಸ್ತಾನದ ರಾಜಧಾನಿಯಾದರೋ 1998ರಲ್ಲಿ ಅಸ್ತಾನಾ ಎನಿಸಿ, 2019ರಲ್ಲಿ ನೂರ್-ಸುಲ್ತಾನ್ ಆಗಿ, 2022ರಲ್ಲಿ ಮರಳಿ ಅಸ್ತಾನಾ ಆಯಿತು. ಆದ್ದರಿಂದ ಉತ್ತರವನ್ನು ಬರೆಯುವ ಮುಂಚೆ ‘ಇದು ಯಾವ ಕಾಲದ ಮಾತು?’ ಎಂದು ಕೇಳಿಕೊಳ್ಳುವ ಅಭ್ಯಾಸವು ಒಳ್ಳೆಯದು. ಪದಬಂಧದಲ್ಲಿ ಮಾತ್ರವಲ್ಲ, ಮನೆಗೆ ಬಂದು ಬೀಳುವ ಎಲ್ಲ ಸುದ್ದಿಗಳಿಗೂ ಈ ಪ್ರಶ್ನೆಯು ಸಲ್ಲುವುದು.

ಈಗ ಬಿಡಿಸುವ ಕ್ರಮವನ್ನು ಕುರಿತು ನಾಲ್ಕು ಮಾತು. ನಿಶ್ಚಯವಾಗಿ ತಿಳಿದುದನ್ನು ಮೊದಲು ತುಂಬಬೇಕು. ಸಂದೇಹವಿದ್ದುದನ್ನು ಸೀಸದ ಕಡ್ಡಿಯಿಂದ ಬರೆಯಬೇಕು. ತಿಳಿಯದ ಪದವು ಎದುರಾದ ಕೂಡಲೆ ಮೊಬೈಲನ್ನು ಕೇಳಬಾರದು. ಅಡ್ಡ ಪದಗಳಿಂದ ಅರ್ಧವಾದರೂ ಅಕ್ಷರಗಳನ್ನು ಸಂಪಾದಿಸಿದ ಮೇಲೆ ನಿಘಂಟನ್ನೋ ಭೂಪಟವನ್ನೋ ತೆರೆಯಬೇಕು. ಹಾಗೆ ಹುಡುಕಿ ಕಂಡ ಉತ್ತರವು ಮನಸ್ಸಿನಲ್ಲಿ ನಿಲ್ಲುವುದು. ಕಂಡ ಮೇಲೆ ಅಲ್ಲಿಗೇ ಬಿಡದೆ ಅದರ ಸಂಗಡ ಇನ್ನೊಂದು ಸಂಗತಿಯನ್ನು ತಿಳಿದುಕೊಳ್ಳಬೇಕು. ‘ನೇವಾ’ ಎಂದು ಬರೆದವನು ಅದು ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿ ಹರಿದು ಸಮುದ್ರವನ್ನು ಸೇರುವುದೆಂದು ಭೂಪಟದಲ್ಲಿ ನೋಡದಿದ್ದರೆ, ಅವನು ಸಂಪಾದಿಸಿದ್ದು ಎರಡು ಅಕ್ಷರಗಳು ಮಾತ್ರ; ನದಿಯಲ್ಲ. ‘ದೇಶ ಸುತ್ತಬೇಕು, ಕೋಶ ಓದಬೇಕು’ ಎಂದು ನಮ್ಮ ಹಿರಿಯರು ಹೇಳಿದುದರ ತಾತ್ಪರ್ಯವೂ ಇದೇ.

ಪದಬಂಧವು ಮರೆವಿಗೆ ಮದ್ದೆಂದು ಹೇಳುವವರಿದ್ದಾರೆ. 2022ರಲ್ಲಿ ಅಮೆರಿಕೆಯಲ್ಲಿ ಪ್ರಕಟವಾದ ಒಂದು ಪರಿಶೋಧನೆಯಲ್ಲಿ, ಜ್ಞಾಪಕಶಕ್ತಿಯು ಸ್ವಲ್ಪ ಕುಂದಿದ್ದ 107 ಮಂದಿಯನ್ನು 78 ವಾರಗಳ ಕಾಲ ನೋಡಲಾಗಿ, ಗಣಕಯಂತ್ರದ ಆಟಗಳನ್ನು ಆಡಿದವರಿಗಿಂತ ಪದಬಂಧಗಳನ್ನು ಬಿಡಿಸಿದವರ ಸ್ಥಿತಿಯು ಸ್ವಲ್ಪ ಮೇಲಾಗಿತ್ತು. ಇದು ಸಂತೋಷದ ಸುದ್ದಿಯೇ. ಆದರೂ ಇದನ್ನು ವೈದ್ಯರ ಸಲಹೆಗೆ ಬದಲಾಗಿ ಇಟ್ಟುಕೊಳ್ಳಲಾಗದು.

ಕೊನೆಯದಾಗಿ ಮನೆಯವರೆಲ್ಲ ಕೂಡಿ ಬಿಡಿಸಲೆಂದು ಐದು ಸುಳುಹುಗಳನ್ನು ಕೊಡುತ್ತೇವೆ. ಒಂದು: ಬಡಗಣ ದಿಕ್ಕಿನ ಒಡೆಯ, ಮೂರು ಮನೆ. ಎರಡು: ಭೀಮಸೇನನು ಊದಿದ ಶಂಖ, ಎರಡು ಮನೆ. ಮೂರು: ‘ವಿನಾಯಕ’ರೆಂಬ ಕವಿ, ಮೂರು ಮನೆ. ನಾಲ್ಕು: ಆರ್ಥರ್ ವಿನ್ ಕೇಳಿದ ನದಿ, ಎರಡು ಮನೆ. ಐದು: ಕಜಾಕಸ್ತಾನದ ರಾಜಧಾನಿ, ಮೂರು ಮನೆ. ಉತ್ತರಗಳೆಲ್ಲವೂ ಮೇಲಿನ ಬರಹದಲ್ಲಿಯೇ ಇವೆ. ಪ್ರವೇಶಧನವಿಲ್ಲ, ಬಹುಮಾನವೂ ಇಲ್ಲ.